ತಿರುಪುಮೊಳೆಯ ವ್ಯಾಪಾರಿ ಬರ್ಮಿಂಗ್‌ಹ್ಯಾಮಿನ ಮೇಯರ್ ಆದಾಗ: ಜೋಸೆಫ್ ಚೇಂಬರ್‌ಲೇನ್ ಕುರಿತು ಚರ್ಚೆ

ನಗರಚರಿತೆ (ಚರ್ಚೆ ಆರಂಭಿಸಿದವರು)

ಜೋಸೆಫ್ ಚೇಂಬರ್‌ಲೇನ್ ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತರಾಗಿರುವುದು ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ನೆವಿಲ್ ಚೇಂಬರ್‌ಲೇನರ ತಂದೆ ಎಂಬಷ್ಟರ ಮಟ್ಟಿಗೆ. ಇತಿಹಾಸವನ್ನು ಸ್ವಲ್ಪ ಹೆಚ್ಚು ಓದಿದವರು, ದಕ್ಷಿಣ ಆಫ್ರಿಕದಲ್ಲಿ ಡಚ್ ಮೂಲದ ಬೋಯರರ ವಿರುದ್ಧ ನಡೆದ ಬೋಯರ್ ಯುದ್ಧದ ಕಾಲದ ವಸಾಹತು ಸಚಿವ ಎಂದು ಗುರುತಿಸುತ್ತಾರೆ. ನಾನು ಇಲ್ಲಿ ಚರ್ಚೆಗೆ ತರಬಯಸುವುದು ಅವರ ಬದುಕಿನ ಬೇರೆ ಮೂರು ವರ್ಷಗಳನ್ನು. 1873ರ ನವೆಂಬರಿನಿಂದ 1876ರ ಜೂನ್‌ವರೆಗೆ ಅವರು ಬರ್ಮಿಂಗ್‌ಹ್ಯಾಮಿನ ಮೇಯರ್ ಆಗಿದ್ದರು. ಆ ಮೇಲೆ ಮೂವತ್ತೆಂಟು ವರ್ಷ ಅವರು ಪಾರ್ಲಿಮೆಂಟಿನ ಸದಸ್ಯರಾಗಿದ್ದರೂ ಅವರ ಕೈಯಿಂದ ನಡೆದ ಅತ್ಯಂತ ಗಟ್ಟಿಯಾದ ಕೆಲಸ ಈ ಮೂರು ವರ್ಷಗಳದ್ದೇ ಎಂಬುದು ನನ್ನ ಅಭಿಪ್ರಾಯ. ಆ ಕೆಲಸದ ಬೇರು ಅವರ ವ್ಯಾಪಾರದಲ್ಲಿದೆ.

ಅವರು ಹುಟ್ಟಿದ್ದು 1836ರ ಜುಲೈ 8ರಂದು, ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ. ತಂದೆಯದು ಪಾದರಕ್ಷೆ ತಯಾರಿಸುವ ಉದ್ಯಮ, ಮನೆತನದ್ದು ಯೂನಿಟೇರಿಯನ್ ಪಂಥ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಇಂತಹ ಪಂಥದವರಿಗೆ 1828ರವರೆಗೆ ಪುರಸಭೆಯ ಅಧಿಕಾರಸ್ಥಾನಗಳು ಕಾನೂನಿನ ಮಟ್ಟಿಗೆ ಮುಚ್ಚಿದ್ದವು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಪದವಿಗಳು 1850ರ ದಶಕದವರೆಗೂ ಅವರಿಗೆ ಸಿಗುತ್ತಿರಲಿಲ್ಲ. ಹೀಗಾಗಿ ಬುದ್ಧಿವಂತರಾದ ಯೂನಿಟೇರಿಯನ್ ಹುಡುಗರು ವ್ಯಾಪಾರಕ್ಕೆ ಇಳಿಯುವುದು ವಾಡಿಕೆಯಾಗಿತ್ತು. ಜೋಸೆಫ್ ಹದಿನಾರನೆಯ ವಯಸ್ಸಿಗೆ ಓದು ಮುಗಿಸಿ ತಂದೆಯ ಕಸುಬಿಗೆ ಸೇರಿದರು. 1854ರಲ್ಲಿ, ಹದಿನೆಂಟರ ಹರೆಯದಲ್ಲಿ, ತಂದೆಯ ಬಂಡವಾಳವನ್ನು ನೋಡಿಕೊಳ್ಳುವುದಕ್ಕಾಗಿ ಸೋದರತ್ತೆಯ ಗಂಡ ಜಾನ್ ಸಟನ್ ನೆಟಲ್‌ಫೋಲ್ಡರ ತಿರುಪುಮೊಳೆ ಕಾರ್ಖಾನೆಯಿದ್ದ ಬರ್ಮಿಂಗ್‌ಹ್ಯಾಮಿಗೆ ಬಂದರು.

ಅಲ್ಲಿ ಅವರು ಕಳೆದದ್ದು ಇಪ್ಪತ್ತು ವರ್ಷ. ಅವರು ನೋಡಿಕೊಂಡದ್ದು ಯಂತ್ರಗಳ ಕಡೆಯನ್ನಲ್ಲ, ಲೆಕ್ಕಪತ್ರ ಮತ್ತು ಮಾರಾಟದ ಕಡೆಯನ್ನು. ಯಾವ ದೇಶದ ಮಾರುಕಟ್ಟೆಗೆ ಏನು ಬೇಕು, ಯಾವ ಪ್ರತಿಸ್ಪರ್ಧಿಯನ್ನು ಕೊಂಡುಕೊಳ್ಳಬೇಕು, ಬೆಲೆಯನ್ನು ಎಲ್ಲಿಗೆ ಇಳಿಸಿದರೆ ಮಾರಾಟ ಎಷ್ಟು ಏರುತ್ತದೆ ಎಂಬ ಲೆಕ್ಕಾಚಾರದಲ್ಲಿ ಅವರು ನಿಷ್ಣಾತರಾದರು. ಸಂಸ್ಥೆಯ ಉಚ್ಛ್ರಾಯದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಲೋಹದ ತಿರುಪುಮೊಳೆಗಳಲ್ಲಿ ಮೂರನೇ ಎರಡು ಪಾಲು ಅವರ ಕಾರ್ಖಾನೆಯವೇ ಆಗಿದ್ದವು. 1874ರಲ್ಲಿ ವ್ಯಾಪಾರದಿಂದ ನಿವೃತ್ತರಾದಾಗ ಅವರ ಕೈಗೆ ಬಂದದ್ದು ಸುಮಾರು 1,20,000 ಪೌಂಡು, ಆಗ ಅವರ ವಯಸ್ಸು ಮೂವತ್ತೆಂಟು. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳ ಆರಂಭವಾದದ್ದು 1911ರಲ್ಲಿ ಎಂಬುದನ್ನು ನೆನಪಿನಲ್ಲಿಟ್ಟರೆ ಆ ಹಣದ ಮಹತ್ವ ತಿಳಿಯುತ್ತದೆ.

ಮೇಯರ್ ಆದ ಮೇಲಿನ ಕೆಲಸಗಳ ಬಗ್ಗೆ ಮುಂದೆ ಬರೆಯುತ್ತೇನೆ. ಈ ವಿಷಯವನ್ನು ಬಲ್ಲವರು ದಯವಿಟ್ಟು ಸೇರಿಸಬೇಕು, ಒಪ್ಪದವರು ತಿದ್ದಬೇಕು.

ಕುಲುಮೆ

ಒಳ್ಳೆಯ ವಿಷಯ ಎತ್ತಿಕೊಂಡಿದ್ದೀರಿ. ತಿರುಪುಮೊಳೆಯ ಬಗ್ಗೆ ತಾವು ಒಂದೇ ವಾಕ್ಯದಲ್ಲಿ ದಾಟಿಹೋದದ್ದರಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಇಡೀ ಸಂಪತ್ತು ನಿಂತಿದ್ದು ಒಂದು ಮೊಳೆಯ ತುದಿಯ ಮೇಲೆ.

ಅಲ್ಲಿಯವರೆಗೆ ಮರಕ್ಕೆ ಹಾಕುತ್ತಿದ್ದ ತಿರುಪುಮೊಳೆಗಳ ತುದಿ ಮೊಂಡಾಗಿರುತ್ತಿತ್ತು. ಬಡಗಿ ಮೊದಲು ಬೈರಿಗೆಯಿಂದ ತೂತು ಕೊರೆದು, ಆ ತೂತಿನೊಳಕ್ಕೆ ಮೊಳೆಯನ್ನು ಇಳಿಸಿ ತಿರುಗಿಸಬೇಕಾಗಿತ್ತು. ತೂತು ಹಿಗ್ಗಿದರೆ ಹಿಡಿತ ಹೋಯಿತು, ಬಿಗಿಯಾದರೆ ಮರ ಸೀಳಿತು. ಅಮೆರಿಕದಲ್ಲಿ ಚೂಪು ತುದಿಯ ತಿರುಪುಮೊಳೆಯನ್ನು ಯಂತ್ರದಲ್ಲಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಆಗಿತ್ತು. ಅದು ತಾನೇ ಮರವನ್ನು ಕಚ್ಚಿಕೊಂಡು ಒಳಗಿಳಿಯುತ್ತದೆ. ಇಂದು ನಮ್ಮ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಸಿಗುವುದು ಆ ಬಗೆಯ ಮೊಳೆಯೇ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಯಂತ್ರವನ್ನು ಕಂಡ ನೆಟಲ್‌ಫೋಲ್ಡ್, ಅದರ ಬ್ರಿಟಿಷ್ ಹಕ್ಕನ್ನು ಕೊಂಡುಕೊಳ್ಳದಿದ್ದರೆ ತನ್ನ ಕಾರ್ಖಾನೆಗೆ ಉಳಿಗಾಲವಿಲ್ಲ ಎಂದು ಅರಿತರು. ಅದಕ್ಕೂ ಹೊಸ ಕಾರ್ಖಾನೆಗೂ ಬೇಕಾಗಿದ್ದ 30,000 ಪೌಂಡುಗಳಲ್ಲಿ 10,000 ಪೌಂಡು ಹಾಕಿದವರು ಚೇಂಬರ್‌ಲೇನರ ತಂದೆ. ಆ ಹಣದ ಹಿಂದೆಯೇ ಮಗನೂ ಬಂದರು.

ಕೈಕಸುಬಿನ ಸಣ್ಣ ತಿರುಪುಮೊಳೆ ತಯಾರಕರು ಈ ಯಂತ್ರದ ಮುಂದೆ ನಿಲ್ಲಲಾರದೆ ಒಬ್ಬೊಬ್ಬರಾಗಿ ಬಾಗಿಲು ಹಾಕಿದರು ಅಥವಾ ಮಾರಿಕೊಂಡರು ಎಂಬುದನ್ನೂ ಹೇಳಬೇಕು. ಚೇಂಬರ್‌ಲೇನರ ಏಳಿಗೆಯನ್ನು ಮೆಚ್ಚುವಾಗ ಈ ಮಾತನ್ನು ಮರೆಯಬಾರದು. ಆ ಸಂಸ್ಥೆ ಮುಂದೆ 1902ರಲ್ಲಿ ಗೆಸ್ಟ್, ಕೀನ್ ಅಂಡ್ ನೆಟಲ್‌ಫೋಲ್ಡ್ಸ್ ಆಯಿತು. ಜಿಕೆಎನ್ ಎಂಬ ಹೆಸರನ್ನು ವಾಹನಗಳ ಬಿಡಿಭಾಗದ ಉದ್ಯಮದಲ್ಲಿರುವವರೆಲ್ಲ ಬಲ್ಲರು.

ನಗರಚರಿತೆ

ಕುಲುಮೆಯವರಿಗೆ ಧನ್ಯವಾದ. ಸಣ್ಣವರು ನೆಲಕಚ್ಚಿದ ಮಾತು ಸತ್ಯ, ಮತ್ತು ಅದು ಈ ಚರ್ಚೆಗೆ ಮುಖ್ಯ. ಪ್ರತಿಸ್ಪರ್ಧಿಗಳನ್ನು ಕೊಂಡು ಒಂದೇ ಸಂಸ್ಥೆ ಮಾಡುವ ವಿದ್ಯೆಯನ್ನು ಕಾರ್ಖಾನೆಯಲ್ಲಿ ಕಲಿತವರು ಅದನ್ನೇ ಊರಿನ ಗ್ಯಾಸ್ ಕಂಪನಿಗಳ ಮೇಲೆ ಪ್ರಯೋಗಿಸಿದರು. ಒಂದು ವ್ಯತ್ಯಾಸವೆಂದರೆ, ಅಲ್ಲಿ ಲಾಭ ಹೋದದ್ದು ಪಾಲುದಾರರಿಗೆ, ಇಲ್ಲಿ ಊರಿಗೆ.

ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಮಿನ ಪುರಸಭೆ ಹೇಗಿತ್ತು ಎಂಬುದನ್ನು ನೋಡಬೇಕು. ಊರಿಗೆ ಚುನಾಯಿತ ಪುರಸಭೆ ದೊರೆತದ್ದೇ 1838ರಲ್ಲಿ. 1850ರ ದಶಕದಲ್ಲಿ ಅದು ಜೋಸೆಫ್ ಆಲ್‌ಡೇ ಎಂಬವರ ನೇತೃತ್ವದ ಮಿತವ್ಯಯ ಪಕ್ಷದ ಹಿಡಿತದಲ್ಲಿತ್ತು. ಈಸೀ ರೋ ಬೀದಿಯ ವುಡ್‌ಮನ್ ಎಂಬ ಪಾನಗೃಹದಲ್ಲಿ ಈ ಸದಸ್ಯರು ಸೇರಿ ಮುಂದಿನ ಸಭೆಯಲ್ಲಿ ಏನಾಗಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳುತ್ತಿದ್ದರು. ಹೆಚ್ಚಿನವರು ಸಣ್ಣ ಅಂಗಡಿಕಾರರು. ಮನೆಗಂದಾಯ ಒಂದು ಪೆನ್ನಿ ಏರಿದರೂ ಅವರ ಜೇಬಿಗೆ ತಟ್ಟುತ್ತಿತ್ತು, ಆದ್ದರಿಂದ ಮೋರಿ, ರಸ್ತೆ, ನೀರು ಎಲ್ಲವೂ ದುಂದುವೆಚ್ಚವಾಗಿ ಕಂಡವು. ಅವರು ಭ್ರಷ್ಟರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಖರ್ಚು ಮಾಡದಿರುವುದೇ ಆಡಳಿತ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು, ಊರು ಕೊಳೆತದ್ದು ಆ ನಂಬಿಕೆಯಿಂದ.

ಇದಕ್ಕೆ ಎದುರಾಗಿ ನಿಂತವರು ಚರ್ಚಿನ ಪ್ರವಚನಪೀಠದಲ್ಲಿದ್ದವರು. ಜಾರ್ಜ್ ಡಾಸನ್, ಆರ್. ಡಬ್ಲ್ಯೂ. ಡೇಲ್ ಮೊದಲಾದ ಪಾದ್ರಿಗಳು, ಊರಿನ ಚರಂಡಿಯನ್ನು ಶುದ್ಧವಾಗಿಡುವುದೂ ದೇವರ ಸೇವೆಯೇ, ಪುರಸಭೆಯ ಸದಸ್ಯತ್ವವೂ ಒಂದು ವ್ರತವೇ ಎಂದು ಬೋಧಿಸಿದರು. ಶ್ರೀಮಂತ ಉದ್ಯಮಿಗಳು ವಾರ್ಡು ಚುನಾವಣೆಗೆ ನಿಲ್ಲುವುದು ಆ ಬೋಧನೆಯ ಫಲ. ಚೇಂಬರ್‌ಲೇನ್ 1869ರಲ್ಲಿ ಸೇಂಟ್ ಪಾಲ್ ವಾರ್ಡಿನಿಂದ ಆಯ್ಕೆಯಾದರು. ಅದೇ ವರ್ಷ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಬೇಕೆಂದು ಒತ್ತಾಯಿಸುವ ರಾಷ್ಟ್ರೀಯ ಶಿಕ್ಷಣ ಲೀಗಿನಲ್ಲೂ ಮುಂಚೂಣಿಗೆ ಬಂದರು.

ಹಳೆಯ ಲೆಕ್ಕ

ನಾನು ಪುರಸಭೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗ್ಯಾಸ್ ಮತ್ತು ನೀರಿನ ಖರೀದಿಯ ಬಗ್ಗೆ ಬರೆಯಲು ಅನುಮತಿಯಿರಲಿ, ಏಕೆಂದರೆ ಸ್ಥಳೀಯ ಸಂಸ್ಥೆಗಳ ಹಣಕಾಸಿನ ಚರಿತ್ರೆಯಲ್ಲಿ ಇದಕ್ಕಿಂತ ಪಾಠ ಹೇಳುವ ಪ್ರಸಂಗ ನನಗೆ ತಿಳಿದಿಲ್ಲ.

ಊರಿಗೆ ಎರಡು ಖಾಸಗಿ ಗ್ಯಾಸ್ ಕಂಪನಿಗಳು ದೀಪದ ಗ್ಯಾಸ್ ಪೂರೈಸುತ್ತಿದ್ದವು. ಒಂದೇ ಊರಿನಲ್ಲಿ ಎರಡು ಕೊಳವೆ ಜಾಲ, ಎರಡು ಆಡಳಿತ, ರಸ್ತೆ ಅಗೆಯುವುದೂ ಎರಡೆರಡು ಸಲ. 1874ರ ಜನವರಿಯಲ್ಲಿ ಮೇಯರ್ ಚೇಂಬರ್‌ಲೇನ್ ಎರಡನ್ನೂ ಪುರಸಭೆ ಕೊಳ್ಳಬೇಕೆಂದು ಸಭೆಯ ಮುಂದಿಟ್ಟರು. ಬೆಲೆ ಸುಮಾರು ಇಪ್ಪತ್ತು ಲಕ್ಷ ಪೌಂಡು, ನಿಖರವಾಗಿ 19,53,050. ಪೆನ್ನಿಗೂ ಅಂಜುತ್ತಿದ್ದ ಊರಿನಲ್ಲಿ ಈ ಮೊತ್ತ ಕೇಳಿ ಬೆವರಿದವರಿದ್ದರು. ಆಗ ಅವರು ಅಪ್ಪಟ ವ್ಯಾಪಾರಿಯ ಮಾತನ್ನಾಡಿದರು. ಪುರಸಭೆಗೆ ಧೈರ್ಯವಿಲ್ಲದಿದ್ದರೆ ಈ ವ್ಯವಹಾರವನ್ನು ತಮಗೇ ಗುತ್ತಿಗೆಗೆ ಕೊಡಲಿ, ವರ್ಷಕ್ಕೆ 20,000 ಪೌಂಡು ಪುರಸಭೆಗೆ ಕಟ್ಟಿ ಉಳಿದದ್ದರಲ್ಲಿ ತಾವು ದೊಡ್ಡ ಸಂಪತ್ತು ಮಾಡಿಕೊಳ್ಳುವುದಾಗಿ ಹೇಳಿದರು. ಲಾಭ ಖಚಿತವೆಂದು ಸಭೆಗೆ ತೋರಿಸಲು ಇದಕ್ಕಿಂತ ನೇರವಾದ ದಾರಿ ಇರಲಿಲ್ಲ. ಸಭೆ ಭಾರಿ ಬಹುಮತದಿಂದ ಒಪ್ಪಿತು. 1875ರಲ್ಲಿ ಪಾರ್ಲಿಮೆಂಟಿನ ಮಂಜೂರಾತಿಯೂ ಬಂತು. ಮೊದಲ ವರ್ಷದಲ್ಲೇ ಬಂದ ಲಾಭ 34,000 ಪೌಂಡು.

ನೀರಿನ ಕಂಪನಿಯನ್ನು 13,50,000 ಪೌಂಡಿಗೆ ಕೊಂಡದ್ದು ಇದರ ಬೆನ್ನಿಗೇ. ಹಳೆಯ ಕಂಪನಿ ಕೊಳಾಯಿಯಲ್ಲಿ ವಾರಕ್ಕೆ ಮೂರೇ ದಿನ ನೀರು ಬಿಡುತ್ತಿತ್ತು. ಊರಿನ ಅರ್ಧದಷ್ಟು ಜನಕ್ಕೆ ಬಾವಿಯ ನೀರೇ ಗತಿ. ಆ ಬಾವಿಗಳಲ್ಲಿ ಬಹಳಷ್ಟಕ್ಕೆ ಪಾಯಿಖಾನೆಯ ಗುಂಡಿಗಳಿಂದ ಕೊಳಚೆ ಇಂಗುತ್ತಿತ್ತು. ಇಲ್ಲಿ ಚೇಂಬರ್‌ಲೇನ್ ತಮ್ಮ ವಾದವನ್ನೇ ತಿರುಗಿಸಿದರು. ಗ್ಯಾಸಿನಿಂದ ಪುರಸಭೆ ಲಾಭ ಮಾಡಬೇಕು, ನೀರಿನಿಂದ ಒಂದು ಪೆನ್ನಿಯನ್ನೂ ಮಾಡಬಾರದು, ಉಳಿತಾಯವಾದರೆ ನೀರಿನ ದರವನ್ನೇ ಇಳಿಸಬೇಕು ಎಂದರು. ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದಾಗಲೂ, ನೀರಿನ ಲಾಭವನ್ನು ತಾವು ಜನರ ಆರೋಗ್ಯದಲ್ಲಿ ಎಣಿಸುವುದಾಗಿ ತಿಳಿಸಿದರು.

ನಾನು ಸೇವೆಯಲ್ಲಿದ್ದಷ್ಟು ಕಾಲವೂ ಈ ಭೇದವನ್ನು ನೆನೆದಿದ್ದೇನೆ. ಯಾವ ಬಾಬ್ತಿನಿಂದ ಆದಾಯ ನಿರೀಕ್ಷಿಸಬೇಕು, ಯಾವುದರಿಂದ ನಿರೀಕ್ಷಿಸಬಾರದು ಎಂದು ಮೊದಲೇ ಗೆರೆ ಎಳೆದುಕೊಳ್ಳದ ಸಂಸ್ಥೆ ಎರಡನ್ನೂ ಕೆಡಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿ: ಷೇರುದಾರರಿಗೆ ಇಡೀ ಬೆಲೆಯನ್ನು ನಗದಾಗಿ ಎಣಿಸಿಕೊಡಲಿಲ್ಲ, ಬಹುಪಾಲನ್ನು ವರ್ಷಾಶನದ ರೂಪದಲ್ಲಿ ಕಟ್ಟಿಕೊಡಲಾಯಿತು. ಊರಿನ ಸಾಲ ಏರಿತು, ಆದರೆ ಪ್ರತಿ ಸಾಲದ ಎದುರಿಗೂ ದುಡಿಯುವ ಒಂದು ಆಸ್ತಿ ನಿಂತಿತ್ತು.

ಓದುಗ, ಧಾರವಾಡ

ಮೇಲಿನವರೆಲ್ಲ ಕಟ್ಟಿದ ಚಿತ್ರ ಪೂರ್ತಿಯಾಗಬೇಕಾದರೆ ಕಾರ್ಪೊರೇಷನ್ ಸ್ಟ್ರೀಟಿನ ಕಥೆಯನ್ನು ಹೇಳಲೇಬೇಕು. ಈ ಒಂದು ವಿಷಯದಲ್ಲಿ ಚೇಂಬರ್‌ಲೇನರನ್ನು ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಊರ ನಡುವಿನ ಕೊಳೆಗೇರಿ ಎಂದರೆ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆಗಳ ವಠಾರಗಳು. ಹಿಂಬದಿಗೆ ಕಿಟಕಿಯಿಲ್ಲ, ಗಾಳಿ ಆಡುವುದಿಲ್ಲ. ನಡುವಿನ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನೀರಿನ ಪಂಪು ಮತ್ತು ಹಂಚಿಕೊಂಡ ಪಾಯಿಖಾನೆಗಳು. ಡಿಸ್ರೇಲಿ ಸರಕಾರದ ಗೃಹಸಚಿವ ರಿಚರ್ಡ್ ಕ್ರಾಸ್ ತಂದ 1875ರ ಕಾರ್ಮಿಕ ವಸತಿ ಸುಧಾರಣಾ ಕಾನೂನು ಇಂತಹ ಜಾಗಗಳನ್ನು ಕಡ್ಡಾಯವಾಗಿ ಕೊಂಡು ಕೆಡವುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತು. ಚೇಂಬರ್‌ಲೇನ್ ಅದನ್ನು ಕೂಡಲೇ ಹಿಡಿದುಕೊಂಡರು. ಆಸ್ತಿಗಳನ್ನು ಬೇಗ ಕೊಳ್ಳಲೆಂದು ತಮ್ಮ ಸ್ವಂತ ಹಣದಿಂದ 10,000 ಪೌಂಡು ಮುಂದಿಟ್ಟರು. ಇಷ್ಟರ ಮಟ್ಟಿಗೆ ಅವರ ಶ್ರದ್ಧೆಯನ್ನು ಅಲ್ಲಗಳೆಯಲಾರೆ.

ಆಮೇಲೆ ಆದದ್ದೇನು? ಕೆಡವಿದ ಜಾಗದಲ್ಲಿ ಕಾರ್ಪೊರೇಷನ್ ಸ್ಟ್ರೀಟ್ ಎಂಬ ಅಗಲವಾದ ವಾಣಿಜ್ಯ ಬೀದಿ ಎದ್ದಿತು. ಅಲ್ಲಿದ್ದ ಬಡವರಿಗೆ ಪುರಸಭೆಯೇ ಮನೆ ಕಟ್ಟಿಕೊಡುವುದು ದುಬಾರಿಯೆಂದು ಸುಧಾರಣಾ ಸಮಿತಿ ಕೈಬಿಟ್ಟಿತು. ನಿವೇಶನಗಳನ್ನು 75 ವರ್ಷಗಳ ಗುತ್ತಿಗೆಗೆ ವ್ಯಾಪಾರಿಗಳಿಗೆ ಕೊಡಲಾಯಿತು. ವಠಾರದವರು ಪಕ್ಕದ ಇನ್ನೊಂದು ಕಿಕ್ಕಿರಿದ ವಠಾರಕ್ಕೋ ಊರಾಚೆಗೋ ಸರಿದರು. ಆ ಪ್ರದೇಶದ ಮರಣ ಪ್ರಮಾಣ 1873–75ರಲ್ಲಿ ಸಾವಿರಕ್ಕೆ ಸುಮಾರು 53 ಇದ್ದದ್ದು 1879–81ರ ಹೊತ್ತಿಗೆ 21ಕ್ಕೆ ಇಳಿಯಿತೆಂದು ಅಭಿಮಾನಿಗಳು ಹೇಳುತ್ತಾರೆ. ಅಂಕಿ ಸುಳ್ಳಲ್ಲ. ಆದರೆ ಕಾಯಿಲೆಗೆ ತುತ್ತಾಗುತ್ತಿದ್ದ ಬಡವರನ್ನೇ ಅಲ್ಲಿಂದ ಎಬ್ಬಿಸಿದ ಮೇಲೆ ಉಳಿದವರ ಮರಣ ಪ್ರಮಾಣ ಇಳಿಯಲೇಬೇಕಲ್ಲವೇ? ಹೋದವರು ಹೋದಲ್ಲಿ ಎಷ್ಟು ಕಾಲ ಬಾಳಿದರು ಎಂಬುದು ಆ ಅಂಕಿಯೊಳಗೆ ಬರುವುದೇ ಇಲ್ಲ.

ನಗರಚರಿತೆ

ಧಾರವಾಡದ ಓದುಗರ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಗ್ಯಾಸಿನ ಲೆಕ್ಕದಲ್ಲಿ ಊರಿನ ಲಾಭ, ನೀರಿನ ಲೆಕ್ಕದಲ್ಲಿ ಜನರ ಆರೋಗ್ಯ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ ಅದೇ ವ್ಯಕ್ತಿ, ಮನೆಯ ವಿಷಯಕ್ಕೆ ಬಂದಾಗ ಎರಡನ್ನೂ ಒಂದೇ ಪುಟದಲ್ಲಿ ಬರೆದುಬಿಟ್ಟರು. ಬೀದಿಯೂ ಲಾಭ ತರಬೇಕು, ಕೊಳೆಗೇರಿಯೂ ಹೋಗಬೇಕು ಎಂಬ ಎರಡು ಆಸೆಗಳಲ್ಲಿ ಮೊದಲನೆಯದು ಗೆದ್ದಿತು. ಆದರೂ ಎರಡು ಮಾತು ಸೇರಿಸಬೇಕು. ಬೀದಿಯ ನಿರ್ಮಾಣ ಆರಂಭವಾದದ್ದು 1878ರಲ್ಲಿ, ಆಗ ಅವರು ಮೇಯರ್ ಸ್ಥಾನ ಬಿಟ್ಟು ಎರಡು ವರ್ಷ ಕಳೆದಿತ್ತು. ಕ್ರಾಸ್ ಅವರ ಕಾನೂನು ಕೂಡ ಪುರಸಭೆ ತಾನೇ ಮನೆ ಕಟ್ಟುವುದನ್ನು ಪ್ರೋತ್ಸಾಹಿಸುವಂತೆ ಇರಲಿಲ್ಲ, ಖಾಸಗಿಯವರು ಕಟ್ಟಲಿ ಎಂಬುದೇ ಅದರ ಆಶಯ. ಇದರಿಂದ ಹೊಣೆ ಕಡಿಮೆಯಾಗುತ್ತದೆ ಎಂದು ನನ್ನ ವಾದವಲ್ಲ, ಹೊಣೆಯಲ್ಲಿ ಪಾಲುದಾರರು ಹಲವರಿದ್ದಾರೆ.

ಈ ಮೂರು ವರ್ಷಗಳು ಅವರ ಸ್ವಂತ ಬದುಕಿನ ಕಠಿಣ ಕಾಲವೂ ಹೌದು. ಮೊದಲ ಪತ್ನಿ ಹ್ಯಾರಿಯೆಟ್ 1863ರಲ್ಲಿ ಮಗ ಆಸ್ಟನ್ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಆಕೆಯ ದಾಯಾದಿ ಸೋದರಿ ಫ್ಲಾರೆನ್ಸ್‌ರನ್ನು 1868ರಲ್ಲಿ ಮದುವೆಯಾದರು, ನೆವಿಲ್ ಆಕೆಯ ಮಗ. 1875ರ ಫೆಬ್ರವರಿಯಲ್ಲಿ, ಅಂದರೆ ಗ್ಯಾಸ್ ಮತ್ತು ನೀರಿನ ಮಸೂದೆಗಳ ಓಡಾಟ ನಡೆದಿದ್ದ ಕಾಲದಲ್ಲೇ, ಫ್ಲಾರೆನ್ಸ್ ಕೂಡ ಹೆರಿಗೆಯಲ್ಲಿ ತೀರಿಕೊಂಡರು. ಆ ವರ್ಷ ಅವರು ಕೆಲಸದಲ್ಲಿ ಮುಳುಗಿದ್ದನ್ನು ಬರೀ ಮಹತ್ವಾಕಾಂಕ್ಷೆಯೆಂದು ಓದುವವರಿಗೆ ಈ ಸಂಗತಿ ಗೊತ್ತಿರಲಿ.

ಸಹ್ಯಾದ್ರಿಯವ

ಚುನಾವಣಾ ರಾಜಕೀಯದ ಕಡೆ ಯಾರೂ ಬಂದಿಲ್ಲ. ಪುರಸಭೆಯಲ್ಲಿ ಇಷ್ಟು ದೊಡ್ಡ ನಿರ್ಣಯಗಳಿಗೆ ಬಹುಮತ ಹೇಗೆ ಸಿಕ್ಕಿತು ಎಂಬುದಕ್ಕೆ ಉತ್ತರ ಅಲ್ಲಿದೆ.

1867ರ ಸುಧಾರಣಾ ಕಾನೂನು ಬರ್ಮಿಂಗ್‌ಹ್ಯಾಮಿಗೆ ಮೂರು ಪಾರ್ಲಿಮೆಂಟ್ ಸ್ಥಾನಗಳನ್ನು ಕೊಟ್ಟಿತು, ಆದರೆ ಮತದಾರನಿಗೆ ಎರಡೇ ಮತ. ಅಲ್ಪಸಂಖ್ಯಾತ ಪಕ್ಷಕ್ಕೂ ಒಂದು ಸ್ಥಾನ ಸಿಗಲಿ ಎಂಬುದು ಉದ್ದೇಶ. ಊರಿನ ಲಿಬರಲ್ ಸಂಘ ವಾರ್ಡುವಾರು ಪಟ್ಟಿ ಮಾಡಿ, ಈ ವಾರ್ಡಿನವರು ಇಂಥ ಇಬ್ಬರಿಗೆ, ಆ ವಾರ್ಡಿನವರು ಇಂಥ ಇಬ್ಬರಿಗೆ ಎಂದು ಮತಗಳನ್ನು ಹಂಚಿ 1868ರಲ್ಲಿ ಮೂರೂ ಸ್ಥಾನಗಳನ್ನು ಗೆದ್ದಿತು. 1870ರ ಶಾಲಾ ಮಂಡಳಿ ಚುನಾವಣೆಯಲ್ಲಿ ಅದೇ ಸಂಘ ಎಡವಿತು. ಅಲ್ಲಿ ಮತದಾರ ತನ್ನ ಹದಿನೈದೂ ಮತಗಳನ್ನು ಒಬ್ಬನಿಗೇ ಹಾಕಬಹುದಿತ್ತು. ಲಿಬರಲ್ಲರು ಹದಿನೈದು ಸ್ಥಾನಕ್ಕೂ ಅಭ್ಯರ್ಥಿಗಳನ್ನು ನಿಲ್ಲಿಸಿ ಆರು ಮಾತ್ರ ಗೆದ್ದರು. 1873ರ ಹೊತ್ತಿಗೆ ಪಾಠ ಕಲಿತು ಬಹುಮತ ಪಡೆದರು, ಚೇಂಬರ್‌ಲೇನ್ ಶಾಲಾ ಮಂಡಳಿಯ ಅಧ್ಯಕ್ಷರಾದರು. ಅದೇ ವರ್ಷ ಫ್ರಾನ್ಸಿಸ್ ಷ್ನಾಡ್‌ಹೋರ್ಸ್ಟ್ ಎಂಬ ಬಟ್ಟೆ ವ್ಯಾಪಾರಿ ಸಂಘದ ಕಾರ್ಯದರ್ಶಿಯಾಗಿ ವಾರ್ಡು ಸಮಿತಿಗಳನ್ನು ಬಿಗಿಗೊಳಿಸಿದರು. ಆಧುನಿಕ ಪಕ್ಷ ಸಂಘಟನೆ ಬ್ರಿಟನ್ನಿನಲ್ಲಿ ರೂಪುಗೊಂಡದ್ದು ಹೀಗೆ. ಇಂದು ನಾವು ಕಾಣುವ ಬೂತ್ ಮಟ್ಟದ ಲೆಕ್ಕಾಚಾರಕ್ಕೂ ಪಕ್ಷದ ಆದೇಶಕ್ಕೆ ತಲೆಬಾಗುವ ಪದ್ಧತಿಗೂ ಇದು ಹಿರಿಯ ಎನ್ನಬಹುದು. ಅದರ ಗುಣ ಮತ್ತು ದೋಷ ಎರಡಕ್ಕೂ ಚೇಂಬರ್‌ಲೇನ್ ಬಾಧ್ಯರು.

ಶಾಸಕರಾಗಿ ಅವರ ದಾರಿ ಇಷ್ಟು ನೇರವಾಗಿರಲಿಲ್ಲ. 1874ರಲ್ಲಿ ಶೆಫೀಲ್ಡಿನಲ್ಲಿ ಸೋತರು. 1876ರಲ್ಲಿ ಜಾರ್ಜ್ ಡಿಕ್ಸನ್ ತೆರವು ಮಾಡಿದ ಬರ್ಮಿಂಗ್‌ಹ್ಯಾಮ್ ಸ್ಥಾನಕ್ಕೆ ಅವಿರೋಧವಾಗಿ ಬಂದರು. 1880ರಲ್ಲಿ ಲಿಬರಲ್ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸಂಪುಟದ ವಾಣಿಜ್ಯ ಸಚಿವರಾಗಿ ದಿವಾಳಿ ಕಾನೂನು, ಪೇಟೆಂಟ್ ಕಾನೂನುಗಳನ್ನು 1883ರಲ್ಲಿ ತಂದರು. ಇವು ವ್ಯಾಪಾರ ಬಲ್ಲವರ ಕೈಯ ಕೆಲಸ ಎಂದು ನೋಡಿದರೇ ತಿಳಿಯುತ್ತದೆ. 1886ರಲ್ಲಿ ಐರ್ಲೆಂಡಿನ ಸ್ವಯಮಾಡಳಿತದ ಮಸೂದೆಯನ್ನು ವಿರೋಧಿಸಿ ಸಂಪುಟ ತೊರೆದರು, 341ಕ್ಕೆ 311 ಮತಗಳಿಂದ ಮಸೂದೆ ಬಿತ್ತು, ಲಿಬರಲ್ ಪಕ್ಷ ಒಡೆಯಿತು. 1903ರ ನಂತರ ಆಮದು ಸುಂಕದ ವಿಷಯದಲ್ಲಿ ತಾವು ಸೇರಿಕೊಂಡಿದ್ದ ಕನ್ಸರ್ವೇಟಿವ್ ಪಕ್ಷದೊಂದಿಗಿನ ಮೈತ್ರಿಕೂಟವನ್ನೂ ಇಬ್ಭಾಗ ಮಾಡಿದರು. ಊರಿನಲ್ಲಿ ಎಲ್ಲವನ್ನೂ ಕೂಡಿಸಿದವರು ಲಂಡನ್ನಿನಲ್ಲಿ ಎರಡು ಬಾರಿ ಒಡೆದರು.

ಓದುಗ, ಧಾರವಾಡ

ಸಹ್ಯಾದ್ರಿಯವರು ವಸಾಹತು ಖಾತೆಯನ್ನು ದಾಟಿಹೋದರು. ಭಾರತದ ಓದುಗರಿಗೆ ಅದು ಮುಖ್ಯ. ಭಾರತ ಆ ಖಾತೆಗೆ ಸೇರಿರಲಿಲ್ಲ, ನಮಗೆ ಪ್ರತ್ಯೇಕ ಸಚಿವರಿದ್ದರು. ಆದರೆ ದಕ್ಷಿಣ ಆಫ್ರಿಕದ ಭಾರತೀಯರ ಹಣೆಬರಹ 1895ರಿಂದ 1903ರವರೆಗೆ ಚೇಂಬರ್‌ಲೇನರ ಮೇಜಿನ ಮೇಲಿತ್ತು.

1897ರ ಜನವರಿಯಲ್ಲಿ ಡರ್ಬನ್ನಿನ ಬೀದಿಯಲ್ಲಿ ಬಿಳಿಯರ ಗುಂಪು ಗಾಂಧೀಜಿಯವರ ಮೇಲೆ ಹಲ್ಲೆ ಮಾಡಿದಾಗ, ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡುವಂತೆ ನಟಾಲ್ ಸರಕಾರಕ್ಕೆ ತಂತಿ ಕಳಿಸಿದವರು ಇವರೇ. ಮೊಕದ್ದಮೆ ಬೇಡವೆಂದವರು ಗಾಂಧೀಜಿ. ಯುದ್ಧ ಮುಗಿದ ಮೇಲೆ ಚೇಂಬರ್‌ಲೇನ್ ದಕ್ಷಿಣ ಆಫ್ರಿಕಕ್ಕೆ ಬಂದಾಗ ಗಾಂಧೀಜಿ ನಟಾಲಿನ ಭಾರತೀಯರ ನಿಯೋಗದೊಂದಿಗೆ ಅವರನ್ನು ಕಂಡರು. ದೊರೆತದ್ದು ತಣ್ಣನೆಯ ಉತ್ತರ. ಸ್ವಯಮಾಡಳಿತವಿರುವ ವಸಾಹತುಗಳ ಮೇಲೆ ತಮ್ಮ ಹಿಡಿತ ಅಲ್ಪವೆಂದೂ, ಯುರೋಪಿಯನ್ನರೊಡನೆ ಹೊಂದಿಕೊಂಡು ಹೋಗಬೇಕೆಂದೂ ಹೇಳಿದರು. ಟ್ರಾನ್ಸ್‌ವಾಲಿನಲ್ಲಿ ಅವರನ್ನು ಕಾಣುವ ನಿಯೋಗಕ್ಕೆ ಗಾಂಧೀಜಿಯನ್ನು ಸೇರಿಸಲು ಅಧಿಕಾರಿಗಳು ಬಿಡಲೇ ಇಲ್ಲ. ಬೋಯರ್ ಹೆಂಗಸರು, ಮಕ್ಕಳು ಮತ್ತು ಕಪ್ಪು ಜನರನ್ನು ಕೂಡಿಹಾಕಿದ ಶಿಬಿರಗಳಲ್ಲಿ ಸಾವಿರಾರು ಜನ ರೋಗಕ್ಕೆ ಬಲಿಯಾದದ್ದೂ ಇವರು ಸಚಿವರಾಗಿದ್ದಾಗಲೇ. ಬಾವಿಯ ನೀರಿನಿಂದ ಸಾಯುವವರನ್ನು ತಮ್ಮ ಊರಿನಲ್ಲಿ ಎಣಿಸಬಲ್ಲವರಾಗಿದ್ದ ಮನುಷ್ಯನಿಂದ ಆ ಶಿಬಿರಗಳಲ್ಲೂ ಅದೇ ಲೆಕ್ಕವನ್ನು ನಿರೀಕ್ಷಿಸುವ ಹಕ್ಕು ಇತಿಹಾಸಕ್ಕಿದೆ ಎಂದು ನಾನು ನಂಬುತ್ತೇನೆ.

ನಗರಚರಿತೆ

ಈ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ. ನನ್ನ ಮೊದಲ ಬರಹದ ಅಭಿಪ್ರಾಯ ಇದರಿಂದ ಗಟ್ಟಿಯಾಗುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಅವರ ಲೆಕ್ಕವನ್ನು ಕೇಳುವವರು ಅಲ್ಲೇ ಇದ್ದರು. ಕಂದಾಯ ಕಟ್ಟುವವರು, ವಾರ್ಡಿನ ಮತದಾರರು, ಪ್ರವಚನಪೀಠದ ಪಾದ್ರಿಗಳು ಎಲ್ಲರೂ ಪ್ರತಿ ವರ್ಷ ಅವರ ಎದುರಿಗಿದ್ದರು. ಸಾವಿರಾರು ಮೈಲಿ ದೂರದ ವಸಾಹತಿನಲ್ಲಿ ಮತವಿಲ್ಲದ ಭಾರತೀಯರಾಗಲಿ ಆಫ್ರಿಕನ್ನರಾಗಲಿ ಹಾಗೆ ಎದುರಿಗೆ ನಿಂತು ಕೇಳುವಂತಿರಲಿಲ್ಲ.

ಹಳೆಯ ಲೆಕ್ಕ

ಕಾರ್ಪೊರೇಷನ್ ಸ್ಟ್ರೀಟಿನ ಗುತ್ತಿಗೆಯ ಬಗ್ಗೆ ಒಂದು ವಿವರಣೆ ಬಾಕಿಯಿದೆ. ನಿವೇಶನಗಳನ್ನು ಮಾರದೆ 75 ವರ್ಷಕ್ಕೆ ಗುತ್ತಿಗೆ ಕೊಟ್ಟದ್ದರ ಹಿಂದೆ ದೂರದ ಲೆಕ್ಕವಿತ್ತು. ಅವಧಿ ಮುಗಿದಾಗ ನೆಲವೂ ಅದರ ಮೇಲಿನ ಕಟ್ಟಡಗಳೂ ಪುರಸಭೆಗೇ ಮರಳುತ್ತವೆ, ಆಗ ಬರ್ಮಿಂಗ್‌ಹ್ಯಾಮ್ ದೇಶದ ಅತ್ಯಂತ ಶ್ರೀಮಂತ ಪುರಸಭೆಯಾಗುತ್ತದೆ ಎಂದು ಚೇಂಬರ್‌ಲೇನ್ ವಾದಿಸಿದ್ದರು. ಧಾರವಾಡದ ಓದುಗರ ಆಕ್ಷೇಪ ಇದರಿಂದ ಬಿದ್ದುಹೋಗುವುದಿಲ್ಲ, ವಠಾರದ ಮಗು 75 ವರ್ಷ ಕಾಯಲಾರದು. ಆದರೆ ಸಾರ್ವಜನಿಕ ಭೂಮಿಯನ್ನು ತುರ್ತು ಹಣಕ್ಕಾಗಿ ಶಾಶ್ವತವಾಗಿ ಮಾರಿಬಿಡುವ ಸ್ಥಳೀಯ ಸಂಸ್ಥೆಗಳನ್ನು ಕಂಡಿರುವ ನನಗೆ ಆ ಒಂದು ನಿರ್ಣಯದ ಮೇಲೆ ಗೌರವವಿದೆ. ಗುತ್ತಿಗೆಯ ಬಾಡಿಗೆಯಲ್ಲಿ ಒಂದು ಪಾಲನ್ನು ಎತ್ತಿಟ್ಟು ಎಬ್ಬಿಸಿದವರಿಗೆ ಮೊದಲ ವರ್ಷದಿಂದಲೇ ಮನೆ ಕಟ್ಟಿಸಿದ್ದರೆ ಎರಡೂ ಲೆಕ್ಕ ಸರಿಹೋಗುತ್ತಿದ್ದವೇ ಎಂಬುದನ್ನು ಇಲ್ಲಿನ ಹಣಕಾಸು ಬಲ್ಲ ಮಿತ್ರರು ಯಾರಾದರೂ ಬಿಡಿಸಿ ಬರೆದರೆ ಓದಲು ಕಾತರನಾಗಿದ್ದೇನೆ.